ಕೊಳವೆಯಂತೆ ಸುರುಟಿದ ಹೆಬ್ಬೆರಳಿನ ಉಗುರು: ಶಸ್ತ್ರಚಿಕಿತ್ಸೆಯಿಲ್ಲದೆ ಸರಿಪಡಿಸಬಹುದೇ?

ಪ್ರಶ್ನೆ: ನನಗೆ 52 ವರ್ಷ. ಎರಡೂ ಕಾಲಿನ ಹೆಬ್ಬೆರಳಿನ ಉಗುರುಗಳು ಕೆಲವು ವರ್ಷಗಳಿಂದ ಬದಿಗಳಲ್ಲಿ ಒಳಕ್ಕೆ ಬಾಗುತ್ತಾ ಬಂದು ಈಗ ಕೊಳವೆಯಂತಾಗಿವೆ. ಬಲಗಾಲಿನದು ಹೆಚ್ಚು. ರಾತ್ರಿ ಹೊದಿಕೆ ತಾಗಿದರೂ ನೋವು. ಮೂರು ವರ್ಷಗಳ ಹಿಂದೆ ಬಲಗಾಲಿನ ಉಗುರನ್ನು ಪೂರ್ತಿ ತೆಗೆಸಿದ್ದೆ. ಹೊಸ ಉಗುರು ಮೊದಲಿಗಿಂತ ಹೆಚ್ಚು ಸುರುಟಿಕೊಂಡೇ ಬೆಳೆಯಿತು. ಉಗುರಿಗೆ ತಂತಿ ಕಟ್ಟಿ ನೇರ ಮಾಡುತ್ತಾರೆಂದು ಕೇಳಿದ್ದೇನೆ, ನಿಜವೇ? ಮನೆಯಲ್ಲಿ ನಾನೇ ಏನು ಮಾಡಿಕೊಳ್ಳಬಹುದು? ನನಗೆ ಮಧುಮೇಹವಿಲ್ಲ. ಆದರೆ ನನ್ನ ತಾಯಿಗೆ ಇದೆ. ಎರಡು ವರ್ಷಗಳಿಂದ ಹಾಸಿಗೆ ಹಿಡಿದಿರುವ ಅವರ ಉಗುರುಗಳೂ ಈಚೆಗೆ ಹೀಗೆಯೇ ಆಗಿವೆ. ಇದು ವಂಶದಲ್ಲಿ ಬರುವಂಥದ್ದೇ?

ಉತ್ತರ: ತಂತಿ ಕಟ್ಟುವ ಚಿಕಿತ್ಸೆ ನಿಜವಾಗಿಯೂ ಇದೆ. ನೀವು ವಿವರಿಸಿರುವಂಥ ಉಗುರಿಗೆ ನಾನು ಮೊದಲು ಯೋಚಿಸುವುದೂ ಅದನ್ನೇ. ಆದರೆ ತಂತಿಯ ಮಾತಿಗೆ ಬರುವ ಮೊದಲು ನಿಮ್ಮ ಪತ್ರದಲ್ಲಿರುವ ಎರಡು ಸಂಗತಿಗಳನ್ನು ಎತ್ತಿಕೊಳ್ಳುತ್ತೇನೆ. ತೆಗೆಸಿದ ಉಗುರು ಮತ್ತೂ ಸುರುಟಿಕೊಂಡು ಬೆಳೆದದ್ದು ಒಂದು. ಹಾಸಿಗೆ ಹಿಡಿದ ಮೇಲೆ ತಾಯಿಯವರ ಉಗುರುಗಳು ಹೀಗಾದದ್ದು ಇನ್ನೊಂದು. ಎರಡರ ಬೇರೂ ಬಹುಮಟ್ಟಿಗೆ ಒಂದೇ ಕಡೆ ಇದೆ.

ಉಗುರಿಗೆ ತಾನಾಗಿ ಒಳಕ್ಕೆ ಬಾಗುವ ಸ್ವಭಾವವಿದೆ. ಅದನ್ನು ಹಾಗೆಯೇ ಬಿಟ್ಟರೆ ಒಣಗಿದ ಎಲೆಯಂತೆ ಸುರುಟಿಕೊಳ್ಳಲು ನೋಡುತ್ತದೆ. ತಡೆಯುವುದು ನಮ್ಮ ನಡಿಗೆ. ಪ್ರತಿ ಹೆಜ್ಜೆಯ ಕೊನೆಯಲ್ಲಿ ಹೆಬ್ಬೆರಳು ನೆಲವನ್ನು ಒತ್ತಿದಾಗ ಬೆರಳ ತುದಿಯ ಮೆತ್ತನೆಯ ಭಾಗ ಅಗಲವಾಗಿ ಹರಡಿ ಉಗುರನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ದಿನಕ್ಕೆ ಸಾವಿರಾರು ಬಾರಿ ನಡೆಯುವ ಈ ತಳ್ಳಾಟವೇ ಉಗುರನ್ನು ಹರವಾಗಿ ಇಡುತ್ತದೆ. ಜಪಾನಿನ ಸಂಶೋಧಕರು ನಡೆದಾಡುವವರ ಉಗುರುಗಳನ್ನೂ ಹಾಸಿಗೆ ಹಿಡಿದವರ ಉಗುರುಗಳನ್ನೂ ಅಳೆದು ಹೋಲಿಸಿದಾಗ, ಹಾಸಿಗೆ ಹಿಡಿದವರ ಉಗುರುಗಳೇ ಹೆಚ್ಚು ಬಾಗಿದ್ದವು. ನಿಮ್ಮ ತಾಯಿಯವರಲ್ಲಿ ಆಗಿರುವುದು ಇದೇ ಇರಬೇಕು: ಬಾಗಿಸುವ ಬಲ ಉಳಿಯಿತು, ಎದುರು ನಿಲ್ಲುವ ಬಲ ನಿಂತುಹೋಯಿತು. ವಂಶದ ಪಾಲೂ ಇರಬಹುದು. ಎರಡೂ ಕಾಲಿನಲ್ಲಿ ಒಂದೇ ರೀತಿ, ಚಿಕ್ಕ ವಯಸ್ಸಿನಿಂದಲೇ, ಮನೆಯ ಹಲವರಲ್ಲಿ ಕಂಡರೆ ಅದು ಅನುವಂಶಿಕ. ನಿಮ್ಮದು ನಡುವಯಸ್ಸಿನಲ್ಲಿ ಶುರುವಾಗಿ ಒಂದು ಕಾಲಿನಲ್ಲಿ ಹೆಚ್ಚಿರುವುದರಿಂದ ಬೇರೆ ಕಾರಣಗಳನ್ನೂ ಹುಡುಕಲೇಬೇಕು.

ಉಗುರು ಕಿತ್ತು ತೆಗೆಯುವುದು ಈ ತೊಂದರೆಗೆ ಮದ್ದಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಎರಡು ಮೂರು ಬಾರಿ ಉಗುರು ತೆಗೆಸಿಕೊಂಡು ಸೋತು ಬಂದವರನ್ನು ನೋಡಿ ನೋಡಿ ನನಗೆ ಸಂಕಟವಾಗಿದೆ. ಉಗುರು ಹುಟ್ಟುವುದು ಬುಡದ ಚರ್ಮದೊಳಗೆ ಅಡಗಿರುವ ಬೇರಿನಲ್ಲಿ. ಮೇಲಿನ ಹಲಗೆಯನ್ನು ಕಿತ್ತರೆ ಬೇರಿನ ಆಕಾರವಾಗಲಿ, ಅದರ ಕೆಳಗಿನ ಮೂಳೆಯಾಗಲಿ ಬದಲಾಗುವುದಿಲ್ಲ. ಮೇಲಾಗಿ, ಹೆಬ್ಬೆರಳಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಪೂರ್ತಿ ತುಂಬಿಕೊಳ್ಳಲು 12ರಿಂದ 18 ತಿಂಗಳು ಬೇಕು. ಅಷ್ಟು ಕಾಲ ಮೇಲಿನ ಹೊದಿಕೆಯಿಲ್ಲದೆ ಬೆರಳ ತುದಿಯ ಮಾಂಸ ಮೇಲಕ್ಕೆ ಉಬ್ಬಿ ದಿಬ್ಬದಂತೆ ನಿಲ್ಲುತ್ತದೆ, ಉಗುರಿನ ಹಾಸು, ಎಂದರೆ ಉಗುರು ಅಂಟಿಕೊಂಡಿರುವ ಕೆಳಗಿನ ಮೆದು ಭಾಗ, ಕುಗ್ಗುತ್ತದೆ. ಹೊಸ ಉಗುರಿಗೆ ಹರಡಿಕೊಳ್ಳಲು ಜಾಗವೇ ಇರುವುದಿಲ್ಲ.

ಒಂದು ಗೊಂದಲವನ್ನು ಇಲ್ಲಿಯೇ ಬಿಡಿಸಿಬಿಡುತ್ತೇನೆ. ಉಗುರಿನ ಮೂಲೆ ಪಕ್ಕದ ಚರ್ಮವನ್ನು ಚುಚ್ಚಿ, ಚರ್ಮ ಊದಿ ಕೀವಾಗುವುದು ಒಳಬೆಳೆದ ಉಗುರು; ಹರೆಯದವರಲ್ಲಿ ಹೆಚ್ಚು. ನಿಮ್ಮದು ಇಕ್ಕಳ ಉಗುರು: ಬುಡದಲ್ಲಿ ಸಾಧಾರಣವಾಗಿದ್ದು ತುದಿಗೆ ಬಂದಂತೆ ಎರಡೂ ಅಂಚುಗಳು ಒಳಕ್ಕೆ ಮಡಚಿ, ನಡುವಿನ ಮಾಂಸವನ್ನು ಇಕ್ಕಳದಂತೆ ಹಿಂಡುತ್ತದೆ. ಚರ್ಮ ಹರಿಯದೆಯೇ, ಕೀವಿಲ್ಲದೆಯೇ ವಿಪರೀತ ನೋವು ಕೊಡುತ್ತದೆ. ಹೊರಗೆ ಏನೂ ಕಾಣದ ಕಾರಣ ಮನೆಯವರು ಅದನ್ನು ಲಘುವಾಗಿ ತೆಗೆದುಕೊಳ್ಳುವುದುಂಟು. ಹೊದಿಕೆ ತಾಗಿದರೂ ನೋವೆಂದು ನೀವು ಬರೆದಿದ್ದೀರಿ. ನಾನು ಅದನ್ನು ಅಕ್ಷರಶಃ ನಂಬುತ್ತೇನೆ.

ತಂತಿಗೆ ಮುಂಚೆ ಬಲಗಾಲಿನ ಹೆಬ್ಬೆರಳಿಗೆ ಎಕ್ಸ್-ರೇ ಆಗಬೇಕು, ನೇರವಾಗಿಯೂ ಬದಿಯಿಂದಲೂ. ತುದಿ ಮೂಳೆಯ ಬುಡದ ಬದಿಗಳಲ್ಲಿ ಸಣ್ಣ ಮುಳ್ಳುಗಳು ಬೆಳೆದು ಅದು ಅಗಲವಾದರೆ ಉಗುರಿನ ಬುಡ ಹಿಗ್ಗುತ್ತದೆ, ಅದಕ್ಕೆ ಪ್ರತಿಯಾಗಿ ತುದಿ ಮಡಚುತ್ತದೆ. ಸಂಧಿವಾತದ ಸವೆತವಿರುವವರಲ್ಲಿ ಇದು ಸಾಮಾನ್ಯ. ಕೆಲವೊಮ್ಮೆ ಉಗುರಿನ ಕೆಳಗೇ ಮೂಳೆಯ ಗಂಟು ಎದ್ದು ಹಾಸನ್ನು ಮೇಲಕ್ಕೆತ್ತಿರುತ್ತದೆ. ಅಂಥ ಗಂಟಿದ್ದರೆ ಮೇಲೆ ಎಷ್ಟು ತಂತಿ ಕಟ್ಟಿದರೂ ಫಲವಿಲ್ಲ. ಅದು ಮೊದಲೇ ತಿಳಿದಿದ್ದರೆ ಒಂದು ವರ್ಷ ವ್ಯರ್ಥವಾಗುವುದಿಲ್ಲ. ಉಗುರು ದಪ್ಪವಾಗಿ ಹಳದಿಗಟ್ಟಿ ಪುಡಿ ಉದುರುತ್ತಿದ್ದರೆ ಶಿಲೀಂಧ್ರ ಸೋಂಕು ಇದೆಯೇ ಎಂದು ಅದರ ಪುಡಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಪರೀಕ್ಷೆಯಿಲ್ಲದೆ ತಿಂಗಳುಗಟ್ಟಲೆ ಶಿಲೀಂಧ್ರದ ಮಾತ್ರೆ ನುಂಗುವುದು ಸರಿಯಲ್ಲ, ಏಕೆಂದರೆ ದಪ್ಪಗಾದ ಉಗುರೆಲ್ಲ ಸೋಂಕಿನ ಉಗುರಲ್ಲ. ಸೋರಿಯಾಸಿಸ್ ಕೂಡ ಉಗುರನ್ನು ಕೆಡಿಸುತ್ತದೆ. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ಶುರುಮಾಡಿದ ಮೇಲೆ ಉಗುರುಗಳು ಸುರುಟಿಕೊಂಡ ಪ್ರಕರಣಗಳೂ ವರದಿಯಾಗಿವೆ. ನೀವು ಅಂಥದ್ದನ್ನು ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಈಗ ಚಿಕಿತ್ಸೆ. ಮೊದಲ ಭೇಟಿಯಲ್ಲೇ ಸಿಗಬಹುದಾದ ಉಪಶಮನ ಒಂದಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. ಮಡಚಿದ ಅಂಚು ಒತ್ತುವ ಜಾಗದಲ್ಲಿ, ಉಗುರಿಗೂ ಚರ್ಮಕ್ಕೂ ನಡುವಿನ ಸಂದಿನಲ್ಲಿ, ಸತ್ತ ಚರ್ಮ ಪದರ ಪದರವಾಗಿ ಸೇರಿ ಗಟ್ಟಿಯಾಗುತ್ತದೆ. ಅಂಗಾಲಿನಲ್ಲಿ ಆಣಿ ಆಗುವಂತೆಯೇ ಇದೂ ಒಂದು ಆಣಿ. ಅನೇಕರಿಗೆ ಚುಚ್ಚುತ್ತಿರುವುದು ಉಗುರಿಗಿಂತ ಹೆಚ್ಚಾಗಿ ಇದೇ. ನುರಿತ ಪಾದತಜ್ಞರು ಅಥವಾ ಚರ್ಮತಜ್ಞರು ಸಣ್ಣ ಮೊಂಡು ಸಾಧನದಿಂದ ಸಂದನ್ನು ನಿಧಾನವಾಗಿ ಬಿಡಿಸಿ ಆ ಗಟ್ಟಿ ಪದರವನ್ನು ತೆಗೆದರೆ, ಕುಂಟುತ್ತಾ ಬಂದವರು ಸಲೀಸಾಗಿ ನಡೆದು ಹೋಗುವುದನ್ನು ನಾನು ಕಂಡಿದ್ದೇನೆ. ಇದು ಶಾಶ್ವತವಲ್ಲ, ಕೆಲವು ವಾರಗಳಲ್ಲಿ ಮತ್ತೆ ಸೇರುತ್ತದೆ. ಆದರೆ ಹಗಲೂ ರಾತ್ರಿ ನೋಯುವವರಿಗೆ ಕೆಲವು ವಾರಗಳ ನೆಮ್ಮದಿ ಸಣ್ಣದಲ್ಲ.

ಅದೇ ಭೇಟಿಯಲ್ಲಿ ದಪ್ಪಗಾದ ಉಗುರನ್ನು ಮೇಲಿನಿಂದ ಯಂತ್ರದಲ್ಲಿ ಉಜ್ಜಿ ತೆಳುಮಾಡಿಸಿಕೊಳ್ಳಿ. ಹಲಗೆಯ ಬಿಗಿತ ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ ಎಂಬುದು ಎಂಜಿನಿಯರಿಂಗ್‌ನ ಹಳೆಯ ಲೆಕ್ಕ: ದಪ್ಪ ಅರ್ಧವಾದರೆ ಬಿಗಿತ ಎಂಟನೆಯ ಒಂದಂಶಕ್ಕೆ ಇಳಿಯುತ್ತದೆ. ಉಗುರು ಹಲಗೆಯಷ್ಟು ಸರಳವಲ್ಲದಿದ್ದರೂ ದಿಕ್ಕು ಅದೇ. ಸ್ವಲ್ಪ ತೆಳುವಾದ ಉಗುರು ಬಹಳಷ್ಟು ಮಣಿಯುತ್ತದೆ, ಆಮೇಲೆ ಕಟ್ಟುವ ತಂತಿಗೂ ಕೆಲಸ ಹಗುರವಾಗುತ್ತದೆ. ಶೇಕಡಾ 40ರ ಯೂರಿಯಾ ಇರುವ ಮುಲಾಮು ಕೂಡ ಉಗುರನ್ನು ಮೆದುಗೊಳಿಸುತ್ತದೆ. ಸುತ್ತಲಿನ ಚರ್ಮಕ್ಕೆ ತಾಗದಂತೆ ಉಗುರಿಗೆ ಮಾತ್ರ ಹಚ್ಚಿ ರಾತ್ರಿ ಮುಚ್ಚಿಡಬೇಕು. ಚರ್ಮ ಬಿರಿದಿದ್ದರೆ ಉರಿಯುತ್ತದೆ, ಆಗ ಬೇಡ.

ತಂತಿ ಅಥವಾ ಬ್ರೇಸ್ ಚಿಕಿತ್ಸೆಯ ತತ್ತ್ವ ಹಲ್ಲಿಗೆ ಹಾಕುವ ತಂತಿಯದ್ದೇ: ಸಣ್ಣ ಬಲ, ಬಿಡದೆ, ಬಹಳ ಕಾಲ. ಇದರಲ್ಲಿ ಹಲವು ಬಗೆಗಳಿವೆ. ಒಂದು ಬಗೆಯಲ್ಲಿ ತೆಳುವಾದ ಉಕ್ಕಿನ ತಂತಿಯ ಎರಡು ತುಂಡುಗಳ ತುದಿಯಲ್ಲಿ ಪುಟ್ಟ ಕೊಕ್ಕೆ ಮಾಡಿ, ಅವನ್ನು ಉಗುರಿನ ಎರಡು ಅಂಚುಗಳಿಗೆ ಸಿಕ್ಕಿಸಿ, ನಡುವೆ ಒಂದು ಕುಣಿಕೆಯಿಂದ ಸೇರಿಸಿ ತಿರುಚಿ ಬಿಗಿಮಾಡುತ್ತಾರೆ. ಬಿಗಿಯಾದಂತೆ ಅಂಚುಗಳು ಮೇಲಕ್ಕೇಳುತ್ತವೆ. ಬಟ್ಟೆಗೆ ಸಿಗದಂತೆ ತಿರುಚಿದ ಜಾಗವನ್ನು ರಾಳದಿಂದ ಮುಚ್ಚುತ್ತಾರೆ. ಜರ್ಮನಿಯಲ್ಲಿ ಈ ಬಗೆಯ ಬ್ರೇಸ್‌ಗಳು ಬಹಳ ಬಳಕೆಯಲ್ಲಿವೆ. ಇನ್ನೊಂದು ಬಗೆಯಲ್ಲಿ ಕೊಕ್ಕೆಯೇ ಇಲ್ಲ. ನೇರವಾಗಿರಲು ಹವಣಿಸುವ ತೆಳುವಾದ ಪ್ಲಾಸ್ಟಿಕ್ ಪಟ್ಟಿಯನ್ನು ಉಗುರಿನ ಮೇಲೆ ಅಡ್ಡಲಾಗಿ ಅಂಟಿಸುತ್ತಾರೆ, ಪಟ್ಟಿ ನೇರವಾಗುತ್ತಾ ಉಗುರನ್ನೂ ತನ್ನ ಜೊತೆ ಎಳೆಯುತ್ತದೆ. ಅಂಚು ಮುಟ್ಟಲೂ ಆಗದಷ್ಟು ನೋವಿರುವವರಿಗೆ ಇದು ಒಳ್ಳೆಯದು, ಆದರೆ ಬಲ ಕಡಿಮೆ, ಬೆವರುವ ಕಾಲಿನಲ್ಲಿ ಬೇಗ ಕಳಚುತ್ತದೆ.

ಮೂರನೆಯದು ನಿಕ್ಕಲ್ ಮತ್ತು ಟೈಟಾನಿಯಂ ಬೆರೆತ ಲೋಹದ ತಂತಿ. 1959ರ ಹೊತ್ತಿಗೆ ಅಮೆರಿಕದ ನೌಕಾಪಡೆಯ ಪ್ರಯೋಗಾಲಯವೊಂದರಲ್ಲಿ ಬೆಳಕಿಗೆ ಬಂದ ಈ ಲೋಹಕ್ಕೆ ಆ ಪ್ರಯೋಗಾಲಯದ ಹೆಸರನ್ನೇ ಸೇರಿಸಿ ನಿಟಿನಾಲ್ ಎಂದು ಕರೆದರು. ಸಾಮಾನ್ಯ ತಂತಿಯನ್ನು ಬಾಗಿಸಿದರೆ ಬಾಗಿದ ಹಾಗೆಯೇ ಉಳಿದೀತು. ಇದು ಸಾಕಷ್ಟು ಬಾಗಿಸಿದರೂ ಮತ್ತೆ ನೇರಕ್ಕೆ ಮರಳುತ್ತದೆ, ಮತ್ತು ಮರಳುವ ಹಾದಿಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಬಲದಿಂದ ತಳ್ಳುತ್ತದೆ. ಉಗುರಿನ ಮುಂತುದಿಯಲ್ಲಿ ಎರಡು ಸಣ್ಣ ರಂಧ್ರ ಕೊರೆದು ಅವುಗಳ ಮೂಲಕ ಈ ತಂತಿಯನ್ನು ತೂರಿಸುತ್ತಾರೆ. ಚರ್ಮದಿಂದ ಆಚೆಗಿನ ಉಗುರಿನಲ್ಲೇ ಕೊರೆಯುವುದರಿಂದ ನೋವಿಲ್ಲ, ಅರಿವಳಿಕೆ ಬೇಡ. ಆದರೆ ಅಲ್ಲಿ ಸುಮಾರು ಎರಡು ಮಿಲಿಮೀಟರ್ ಉಗುರಾದರೂ ಇರಬೇಕು. ಆದ್ದರಿಂದ ವೈದ್ಯರನ್ನು ನೋಡುವವರೆಗೆ ಉಗುರನ್ನು ಕತ್ತರಿಸದೆ ಬೆಳೆಯಬಿಡಿ. ಅಂದಗಾಣಲೆಂದು ಹಿಂದಿನ ದಿನ ಪೂರ್ತಿ ಕತ್ತರಿಸಿಕೊಂಡು ಬಂದವರನ್ನು ನಾನು ಎರಡು ತಿಂಗಳು ಬಿಟ್ಟು ಬನ್ನಿ ಎಂದು ವಾಪಸು ಕಳಿಸಬೇಕಾಗುತ್ತದೆ. ಅಗ್ಗದ ಲೋಹದ ಓಲೆ, ಕೈಗಡಿಯಾರದ ಪಟ್ಟಿ ತಾಗಿದ ಜಾಗ ನಿಮಗೆ ತುರಿಸುವುದಾದರೆ ನಿಕ್ಕಲ್ ಅಲರ್ಜಿ ಇರಬಹುದು. ಅದನ್ನು ಮೊದಲೇ ತಿಳಿಸಿ.

ಯಾವುದು ಒಳ್ಳೆಯದು ಎಂದು ನೀವು ಕೇಳುವಿರಿ. ನನ್ನ ಅಭಿಪ್ರಾಯದಲ್ಲಿ, ನಿಮ್ಮ ಹತ್ತಿರದ ತಜ್ಞರ ಕೈಗೆ ಯಾವುದು ಚೆನ್ನಾಗಿ ಪಳಗಿದೆಯೋ ಅದು. ಬ್ರೇಸ್‌ನ ಜಾತಿಗಿಂತ ಅದನ್ನು ಎಷ್ಟು ಬಿಗಿದರು, ಎಲ್ಲಿ ಕೂರಿಸಿದರು ಎಂಬುದು ಮುಖ್ಯ. ಒಂದೇ ದಿನದಲ್ಲಿ ಹರವಾಗಿಸಲು ಹೆಚ್ಚು ಬಿಗಿದರೆ ಉಗುರು ನಡುವೆ ಸೀಳುತ್ತದೆ, ಇಲ್ಲವೇ ಹಾಸಿನಿಂದ ಕಿತ್ತುಬರುತ್ತದೆ. ಹಾಕಿದ ಮೊದಲ ದಿನ ಸ್ವಲ್ಪ ಬಿಗಿತ ಅನಿಸುವುದು ಸಹಜ. ರಾತ್ರಿ ನಿದ್ದೆಗೆಡಿಸುವಷ್ಟು ನೋವು ಬಂದರೆ ಮರುದಿನವೇ ಹೋಗಿ ಸಡಿಲಿಸಿಕೊಳ್ಳಬೇಕು.

ಕಾಲದ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನೋವು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ, ಹೆಚ್ಚೆಂದರೆ ಎರಡು ಮೂರು ವಾರಗಳಲ್ಲಿ ತಗ್ಗುತ್ತದೆ. ಅಪಾಯ ಇಲ್ಲೇ ಇದೆ. ನೋವು ಹೋಯಿತೆಂದು ಹಲವರು ಬರುವುದನ್ನು ನಿಲ್ಲಿಸುತ್ತಾರೆ. ನೋವು ಹೋದದ್ದು ಅಂಚು ಮೇಲೆದ್ದಿದ್ದರಿಂದ. ಉಗುರು ತನ್ನ ಹೊಸ ಆಕಾರವನ್ನು ಇನ್ನೂ ಕಲಿತಿಲ್ಲ. ಉಗುರು ಮುಂದಕ್ಕೆ ಬೆಳೆದಂತೆ ಬ್ರೇಸ್ ಕೂಡ ಅದರ ಜೊತೆ ಮುಂದೆ ಸಾಗುತ್ತದೆ, ಹಾಗಾಗಿ ನಾಲ್ಕರಿಂದ ಎಂಟು ವಾರಕ್ಕೊಮ್ಮೆ ತೆಗೆದು ಹೊಸದಾಗಿ ಕೂರಿಸಬೇಕು. ಒಟ್ಟು ಆರು ತಿಂಗಳಿಂದ ಒಂದು ವರ್ಷ, ನಿಮ್ಮ ಬಲಗಾಲಿಗೆ ಬಹುಶಃ ಅದಕ್ಕೂ ಹೆಚ್ಚು. ತೆಗೆದ ಮೇಲೆ ಮತ್ತೆ ಬಾಗುವುದು ಅಪರೂಪವಲ್ಲ. ಹಾಗೆ ಬಾಗತೊಡಗಿದರೆ ನೋವು ಬರುವ ಮುನ್ನವೇ ಮತ್ತೆ ಕೆಲವು ತಿಂಗಳು ಹಾಕಿಸಿಕೊಳ್ಳುವುದು ಸೋಲಲ್ಲ, ಕನ್ನಡಕ ಬದಲಿಸಿದಂತೆ.

ಬಾಗು ಮರಳುತ್ತಿದೆಯೇ ಎಂದು ತಿಳಿಯಲು ಒಂದು ಸುಲಭ ಉಪಾಯ: ತಿಂಗಳಿಗೊಮ್ಮೆ ಬೆರಳಿನ ಎದುರಿನಿಂದ, ಉಗುರಿನ ತುದಿ ಕಾಣುವಂತೆ, ಒಂದೇ ಕೋನದಲ್ಲಿ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಬುಡದ ಅಗಲ ಎಷ್ಟು, ತುದಿಯಲ್ಲಿ ಅಂಚಿನಿಂದ ಅಂಚಿಗೆ ಎಷ್ಟು ಎಂದು ಅಳತೆಪಟ್ಟಿ ಇಟ್ಟು ಬರೆದಿಡಿ. ನಾವೂ ಪ್ರಗತಿಯನ್ನು ಅಳೆಯುವುದು ಈ ಎರಡರ ಅನುಪಾತದಿಂದಲೇ.

ಮನೆಯಲ್ಲಿ ನೀವೇ ಮಾಡಿಕೊಳ್ಳಬಹುದಾದವುಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಅಂಟುಪಟ್ಟಿಯ ಮೇಲೆ. ಹಿಗ್ಗುವ ಅಂಟುಪಟ್ಟಿಯ ಬೆರಳಗಲದ ತುಂಡಿನ ಒಂದು ತುದಿಯನ್ನು ಉಗುರಿನ ಅಂಚಿಗೆ ತಾಗಿದ ಚರ್ಮದ ಮೇಲೆ ಅಂಟಿಸಿ. ಆ ಚರ್ಮವನ್ನು ಉಗುರಿನಿಂದ ದೂರಕ್ಕೆ ಎಳೆಯುವಂತೆ ಪಟ್ಟಿಯನ್ನು ಓರೆಯಾಗಿ ಕೆಳಗೆ ತಂದು, ಬೆರಳಿನ ತಳದಿಂದ ಹಾಯಿಸಿ, ಮೇಲ್ಭಾಗದಲ್ಲಿ ಬುಡದ ಕಡೆ ಮುಗಿಸಿ. ಉಗುರಿನ ಮೇಲೆ ಪಟ್ಟಿ ಬರಬಾರದು, ಪೂರ್ತಿ ಸುತ್ತಿ ಬಿಗಿಯಬಾರದು. ದಿನಕ್ಕೊಮ್ಮೆ ಬದಲಿಸಿ. ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ ಕೂಡಲೇ ತೆಗೆಯಿರಿ. ಮೂಲೆಯ ಕೆಳಗೆ ಹತ್ತಿಯ ಸಣ್ಣ ಎಳೆಯನ್ನು ಇಡುವ ಹಳೆಯ ಪದ್ಧತಿಯೂ ಕೆಟ್ಟದ್ದಲ್ಲ. ಅದನ್ನು ದಿನವೂ ಬದಲಿಸುವ ಶಿಸ್ತಿದ್ದರೆ ಮಾತ್ರ ಮಾಡಿ. ಮರೆತ ಹತ್ತಿ ಕೀವಿಗೆ ದಾರಿ.

ಮೇಲೆ ಹೇಳಿದಂತೆ ವೈದ್ಯರನ್ನು ನೋಡುವವರೆಗೆ ಉಗುರು ಬೆಳೆಯಲಿ; ಆಮೇಲೆ ಕತ್ತರಿಸುವಾಗ ನೇರಕ್ಕೆ ಕತ್ತರಿಸಿ, ತುದಿಯಲ್ಲಿ ಒಂದು ಮಿಲಿಮೀಟರಿನಷ್ಟಾದರೂ ಬಿಡಿ. ಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ನೆನೆಸಿದರೆ ದಪ್ಪ ಉಗುರೂ ಮೆತ್ತಗಾಗುತ್ತದೆ. ಬಾಗಿದ ಅಲಗಿನ ನೇಲ್ ಕಟರ್‌ನಿಂದ ಒಂದೇ ಏಟಿಗೆ ಒತ್ತಿದರೆ ಉಗುರು ಇನ್ನಷ್ಟು ಹಿಂಡಿಕೊಂಡು ಜೀವ ಹೋಗುವಂತಾಗುತ್ತದೆ; ನೇರ ಬಾಯಿಯ ಕತ್ತರಿಯಿಂದ ಚೂರು ಚೂರಾಗಿ ಕತ್ತರಿಸಿ. ಮೂಲೆಯನ್ನು ಒಳಕ್ಕೆ ಕೊರೆದು ತೆಗೆಯುವ ಆಸೆ ಬೇಡವೇ ಬೇಡ. ಎರಡು ದಿನ ಹಾಯೆನಿಸುತ್ತದೆ, ಆಮೇಲೆ ಒಳಗುಳಿದ ಚೂಪಾದ ಚೂರು ಬೆಳೆಯುತ್ತಾ ಮಾಂಸವನ್ನೇ ಚುಚ್ಚುತ್ತದೆ, ಆಗ ಇಕ್ಕಳ ಉಗುರಿನ ಜೊತೆಗೆ ಒಳಬೆಳೆದ ಉಗುರೂ ಸೇರಿಕೊಳ್ಳುತ್ತದೆ. ತುದಿಯ ನಡುವೆ ತ್ರಿಕೋನಾಕಾರವಾಗಿ ಕತ್ತರಿಸಿದರೆ ಉಗುರು ನಡುವಿಗೆ ಬೆಳೆದು ಅಂಚು ಬಿಡುತ್ತದೆ ಎಂಬ ಮಾತೂ ಸುಳ್ಳು. ಬೆಳವಣಿಗೆ ನಡೆಯುವುದು ಬುಡದಲ್ಲಿ. ತುದಿಯಲ್ಲಿ ಏನು ಕತ್ತರಿಸಿದರೂ ಬುಡಕ್ಕೆ ಅದು ತಿಳಿಯುವುದಿಲ್ಲ.

ಪಾದರಕ್ಷೆಯನ್ನು ಬದಲಿಸದೆ ತಂತಿ ಕಟ್ಟಿಸಿಕೊಳ್ಳಬೇಡಿ. ಖಾಲಿ ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆಯಿರಿ, ಅದರ ಮೇಲೆ ನಿಮ್ಮ ಬೂಟನ್ನು ಇಡಿ. ಗೆರೆ ಹೊರಗೆ ಕಂಡರೆ ಆ ಬೂಟು ದಿನವಿಡೀ ನಿಮ್ಮ ಬೆರಳನ್ನು ಹಿಂಡುತ್ತಿದೆ. ಅತಿ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗವಿರಬೇಕು, ಮುಂಭಾಗ ಅಗಲವಾಗಿ ಎತ್ತರವಾಗಿರಬೇಕು. ಸಂಜೆ ಪಾದ ಸ್ವಲ್ಪ ಊದಿರುವ ಹೊತ್ತಿನಲ್ಲಿ ಕೊಳ್ಳಿ. ತೀರಾ ಸಡಿಲವೂ ಬೇಡ, ಪಾದ ಮುಂದಕ್ಕೆ ಜಾರಿ ಉಗುರು ಗುದ್ದುತ್ತದೆ. ನೋವಿನ ಹೆದರಿಕೆಯಿಂದ ಅನೇಕರು ಹೆಬ್ಬೆರಳನ್ನು ಎತ್ತಿಕೊಂಡು, ಪಾದದ ಹೊರ ಅಂಚಿನ ಮೇಲೆ ನಡೆಯುವ ಅಭ್ಯಾಸ ಮಾಡಿಕೊಂಡಿರುತ್ತಾರೆ. ಹಾಗೆ ನಡೆದರೆ ಉಗುರನ್ನು ಹರವಾಗಿಡುವ ಬಲವೇ ಇಲ್ಲವಾಗಿ ಬಾಗು ಹೆಚ್ಚುತ್ತದೆ, ನೋವು ಹೆಚ್ಚುತ್ತದೆ, ಬೆರಳನ್ನು ಇನ್ನೂ ಎತ್ತಿಕೊಳ್ಳುತ್ತಾರೆ. ಬ್ರೇಸ್ ಹಾಕಿ ನೋವು ತಗ್ಗಿದ ಕೂಡಲೇ ಹೆಬ್ಬೆರಳಿನಿಂದ ನೆಲವನ್ನು ಒತ್ತಿ ಹೆಜ್ಜೆ ಎತ್ತುವುದನ್ನು ಮತ್ತೆ ರೂಢಿಸಿಕೊಳ್ಳಿ. ಕುಳಿತಲ್ಲೇ ಹೆಬ್ಬೆರಳ ತುದಿಯನ್ನು ನೆಲಕ್ಕೆ ಐದು ಸೆಕೆಂಡು ಒತ್ತಿ ಬಿಡುವುದನ್ನು ದಿನಕ್ಕೆ ಕೆಲವು ಬಾರಿ ಮಾಡಬಹುದು.

ಕೀವು, ಹರಡುತ್ತಿರುವ ಕೆಂಪು, ಜ್ವರ ಇವುಗಳಲ್ಲಿ ಯಾವುದಿದ್ದರೂ ಮೊದಲು ಸೋಂಕಿಗೆ ಚಿಕಿತ್ಸೆ, ತಂತಿ ಆಮೇಲೆ. ಉಗುರಿನ ಕೆಳಗೆ ಕಪ್ಪು ಗೆರೆ ಕಂಡು ಅದು ಅಗಲವಾಗುತ್ತಿದ್ದರೆ, ಒಂದೇ ಬೆರಳಿನ ಉಗುರು ಕೆಲವೇ ತಿಂಗಳಲ್ಲಿ ಆಕಾರ ಕೆಟ್ಟರೆ, ಕೆಳಗೆ ಗೆಡ್ಡೆಯಿಲ್ಲವೆಂದು ಖಾತ್ರಿಪಡಿಸಿಕೊಳ್ಳದೆ ಬ್ರೇಸ್ ಹಾಕಬಾರದು. ಎಕ್ಸ್-ರೇಯಲ್ಲಿ ಮೂಳೆಯ ಗಂಟು ಕಂಡರೆ, ಅಥವಾ ಒಂದು ವರ್ಷ ಸರಿಯಾಗಿ ಬ್ರೇಸ್ ಹಾಕಿಯೂ ನೋವು ಉಳಿದರೆ, ಶಸ್ತ್ರಚಿಕಿತ್ಸೆಗೆ ಹೆದರಿ ನರಳಬೇಡಿ. ಈ ಬಾರಿ ಅದು ಉಗುರು ಕೀಳುವುದಾಗಿರಬಾರದು. ಅಂಚಿನ ಪಟ್ಟಿಯಷ್ಟೇ ತೆಗೆದು ಅದರ ಬೇರನ್ನು ಫೀನಾಲ್ ಎಂಬ ರಾಸಾಯನಿಕ ಹಚ್ಚಿ ಸುಡುವುದು, ಇಲ್ಲವೇ ಗಂಟನ್ನು ಕೆತ್ತಿ ಹಾಸನ್ನು ಹರವಾಗಿಸುವುದು ಸರಿಯಾದ ದಾರಿ. ಹಿಂದೆ ಆಗಿದ್ದಕ್ಕೂ ಇದಕ್ಕೂ ವ್ಯತ್ಯಾಸವೇನೆಂದು ವೈದ್ಯರನ್ನು ನೇರವಾಗಿ ಕೇಳಿ.

ಇನ್ನು ನಿಮ್ಮ ತಾಯಿಯವರು. ಮೇಲೆ ಹೇಳಿದ ಮನೆಮದ್ದುಗಳಲ್ಲಿ ಒಂದನ್ನೂ ಅವರ ಮೇಲೆ ಪ್ರಯೋಗಿಸಬೇಡಿ. ಮಧುಮೇಹದಿಂದ ಪಾದದ ಸ್ಪರ್ಶ ಮಂಕಾಗಿದ್ದರೆ ಬಿಸಿನೀರು ಸುಟ್ಟರೂ, ಕತ್ತರಿ ತಾಗಿದರೂ, ಪಟ್ಟಿ ಬಿಗಿಯಾದರೂ ಅವರಿಗೆ ತಿಳಿಯದು, ಮತ್ತು ರಕ್ತಸಂಚಾರ ಕುಂದಿದ ಬೆರಳಿನಲ್ಲಿ ಸಣ್ಣ ಗಾಯವೂ ಮಾಯುವುದು ಕಷ್ಟ. ಮೊದಲು ಅವರ ಪಾದವನ್ನು ಪರೀಕ್ಷಿಸಲು ತಜ್ಞರಿಗೆ ಹೇಳಿ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಸ್ಪರ್ಶವನ್ನು, ಕಣಕಾಲಿನ ಮತ್ತು ತೋಳಿನ ರಕ್ತದೊತ್ತಡ ಹೋಲಿಸಿ ರಕ್ತಸಂಚಾರವನ್ನು ಅಳೆಯುತ್ತಾರೆ. ಎರಡಕ್ಕೂ ಹೆಚ್ಚು ಹೊತ್ತು ಬೇಕಿಲ್ಲ. ಎರಡೂ ಚೆನ್ನಾಗಿದ್ದರೆ ಅವರಿಗೂ ಅಂಟಿಸುವ ಬ್ರೇಸ್ ಹಾಕಬಹುದು. ಇಲ್ಲದಿದ್ದರೆ ನಿಯಮಿತವಾಗಿ ತಜ್ಞರಿಂದಲೇ ಉಗುರು ತೆಳುಮಾಡಿಸಿ, ಸಂದು ಬಿಡಿಸಿದರೆ ಸಾಕು. ಹೊದಿಕೆಯ ಭಾರ ಬೆರಳಿನ ಮೇಲೆ ಬೀಳದಂತೆ ಹಾಸಿಗೆಯ ಕಾಲ್ತುದಿಯಲ್ಲಿ ಒಂದು ಕಮಾನು ಇಟ್ಟು ಅದರ ಮೇಲೆ ಹೊದಿಸಿ. ತಜ್ಞರು ಒಪ್ಪಿದರೆ, ಗಾಯವಿಲ್ಲದ ಬೆರಳಿನ ತಳಭಾಗವನ್ನು ನಿಮ್ಮ ಅಂಗೈಯಿಂದ ಮೃದುವಾಗಿ ಮೇಲಕ್ಕೆ ಒತ್ತಿ ಬಿಡುವುದನ್ನು ದಿನವೂ ಮಾಡಿ. ನೆಲ ಮಾಡಬೇಕಾದ ಕೆಲಸದ ಸ್ವಲ್ಪ ಪಾಲನ್ನು ನಿಮ್ಮ ಕೈ ಮಾಡುತ್ತದೆ. ಹಾಗೆ ಒತ್ತುವಾಗ ಬೆರಳುಗಳ ಸಂದುಗಳನ್ನೂ ಹಿಮ್ಮಡಿಯನ್ನೂ ಬೆಳಕಿನಲ್ಲಿ ನೋಡಿ. ಬಣ್ಣ ಕಪ್ಪಾಗಿದ್ದರೆ, ಒಂದು ಬೆರಳು ಮಾತ್ರ ತಣ್ಣಗಿದ್ದರೆ, ಒದ್ದೆಯಾಗಿ ವಾಸನೆ ಬರುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ.